ಬಟ್ಟಲಿನ ಅಡಿಯ ಹೆಸರು

ತನ್ನ ಹೆಸರಿನ ಕೊನೆಯ ಅಕ್ಷರಕ್ಕೆ ಉದ್ದನೆಯ ಬಾಲ ಎಳೆಯುವ ಚಟವೊಂದು ಆನ್ಸೆಲ್ಮ ಪೆರುಶೋಗೆ ಇಲ್ಲದಿದ್ದರೆ ಮುಂದಿನ ಯಾವ ಅನಾಹುತವೂ ಆಗುತ್ತಿರಲಿಲ್ಲ. ಆ ಬಾಲ ಇದ್ದ ಜಾಗವನ್ನೆಲ್ಲ ನುಂಗಿತು. ಪಕ್ಕದಲ್ಲಿ ಇಸವಿ ಕೆತ್ತಲು ಸಾಸಿವೆಯಷ್ಟೂ ಸ್ಥಳ ಉಳಿಯಲಿಲ್ಲ. ಹೋಗಲಿ, ಹೆಸರಿದ್ದರೆ ಸಾಕು ಎಂದುಕೊಂಡ.

ಕೆತ್ತಿದ್ದು ಐದು ಕವಲಿನ ಕಂಚಿನ ದೀಪಸ್ತಂಭದಲ್ಲಿ. ಮೂರನೆಯ ಕವಲಿನ ತುದಿಗೆ, ಕರಗಿದ ಮೇಣ ಹಿಡಿಯಲು ಇರುವ ಪುಟ್ಟ ಬಟ್ಟಲಿನ ಅಡಿಯಲ್ಲಿ. ತಿರುಪು ಬಿಚ್ಚಿ ಬಟ್ಟಲನ್ನು ಬೋರಲು ಹಾಕಿದರೆ ಮಾತ್ರ ಕಾಣುತ್ತದೆ: 'ಪೆರುಶೋ ಮಾಡಿದ್ದು.' ಜೋಡಿಯ ಇನ್ನೊಂದು ಸ್ತಂಭಕ್ಕೂ ಕೆತ್ತುವ ಆಸೆಯಿತ್ತು. ಅಷ್ಟರಲ್ಲಿ ಅದು ಚಿನ್ನದ ಮುಲಾಮಿಗೆ ಹೊರಟುಹೋಗಿತ್ತು.

ಪ್ಯಾರಿಸ್ಸಿನ ಮರೇ ಪೇಟೆಯ ಒಂದು ಅಂಗಳದಲ್ಲಿ ಆನ್ಸೆಲ್ಮ ಇಪ್ಪತ್ತಾರು ವರ್ಷದಿಂದ ಒಂದೇ ಕೆಲಸ ಮಾಡುತ್ತಿದ್ದ. ಎರಕದಿಂದ ಬಂದ ಒರಟು ಕಂಚಿಗೆ ಉಳಿ ಹಿಡಿದು ಎಲೆಗೆ ನರ, ಹಣ್ಣಿಗೆ ಸಿಪ್ಪೆ, ಮುಖಕ್ಕೆ ಕಣ್ಣು ತರುತ್ತಿದ್ದ. ಎದುರು ಕೋಣೆಯ ತಿಬೋ ಅಜ್ಜ ಪಾದರಸದಲ್ಲಿ ಚಿನ್ನ ಕಲಸಿ ಬಳಿದು, ಬೆಂಕಿಗೆ ಹಿಡಿದು, ಪಾದರಸವನ್ನು ಹೊಗೆ ಮಾಡಿ ಚಿನ್ನವನ್ನು ಉಳಿಸುತ್ತಿದ್ದ. ಆಮೇಲೆ ವರ್ತಕ ಲಾವರ್ದೆ ಅದಕ್ಕೆ ಹೊಗೆಮಸಿ, ಅಕ್ರೋಟು ಸಿಪ್ಪೆಯ ರಸ ಹಚ್ಚಿ ಎರಡು ವಾರ ಇಟ್ಟರೆ, ದೀಪಸ್ತಂಭ ನೂರು ವರ್ಷ ಹಿಂದಕ್ಕೆ ಹೋಗಿ ದೊರೆಗಳ ಕಾಲದ್ದಾಗಿ ಬರುತ್ತಿತ್ತು. ಅಂಗಡಿಯ ಮೇಲೆ ಲಾವರ್ದೆ ಹೆಸರು, ಕೊಂಡವರ ಬಾಗಿಲ ಮೇಲೆ ಕೊಂಡವರ ಹೆಸರು. ಮಾಡಿದವನ ಹೆಸರು ಬಾಡಿಗೆ ಚೀಟಿಯ ಮೇಲೆ ಮಾತ್ರ.

ಒಮ್ಮೆ ಆನ್ಸೆಲ್ಮ ಕೇಳಿಯೇಬಿಟ್ಟಿದ್ದ, ತನ್ನ ಹೆಸರೂ ಒಂದು ಮೂಲೆಯಲ್ಲಿ ಇರಬಾರದೇ ಎಂದು.

"ಬದುಕಿರೋರ ಹೆಸರಿಗೆ ಗಿರಾಕಿ ಇಲ್ಲ, ಪೆರುಶೋ," ಎಂದಿದ್ದ ಲಾವರ್ದೆ. "ನೀವು ಸತ್ತು ನೂರು ವರ್ಷ ಆಗ್ಲಿ, ನಾನೇ ಹಾಕಿಸ್ತೀನಿ."

ಬಟ್ಟಲಿನ ಅಡಿ ಹೆಸರು ಬಿದ್ದದ್ದು ಆ ವಾರವೇ.

ಈಗ ಆ ಜೋಡಿ ಹರಾಜಿಗೆ ಬಂದಿತ್ತು. ಸುದ್ದಿ ತಂದವಳು ಕಟ್ಟಡದ ಬಾಗಿಲು ಕಾಯುವ ಮದಾಮ್ ಅಗ್ಲಾಯೆ. ಬಾಡಿಗೆಯವರ ಪತ್ರಿಕೆಗಳನ್ನು ತಾನು ಓದಿ ಮುಗಿಸಿದ ಮೇಲೆಯೇ ಮೇಲಕ್ಕೆ ಕಳಿಸುವವಳು ಅವಳು. ಇವತ್ತು ಮಧ್ಯಾಹ್ನ ಎರಡಕ್ಕೆ ಹರಾಜು ಎಂದು ಅವಳು ಓದಿ ಹೇಳಿದ್ದೇ ತಡ, ಆನ್ಸೆಲ್ಮ ಉಳಿ ಕೆಳಗಿಟ್ಟು ಗುಟ್ಟೆಲ್ಲ ಬಿಚ್ಚಿದ. ತುಂಬಿದ ಸಭೆಯಲ್ಲಿ ತಾನು ಎದ್ದು ನಿಲ್ಲುವುದು, ಬಟ್ಟಲು ಬಿಚ್ಚಿಸುವುದು, ತನ್ನ ಹೆಸರನ್ನು ಎಲ್ಲರ ಮುಂದೆ ಗಟ್ಟಿಯಾಗಿ ಓದಿಸುವುದು. ಲಾವರ್ದೆ ಇನ್ನು ಕೆಲಸ ಕೊಡದಿದ್ದರೆ ಬೇಡ. ಒಂದೇ ಸಲ, ಒಬ್ಬನೇ ಒಬ್ಬ ಓದಿದರೆ ಸಾಕು.

ಮದಾಮ್‌ಗೆ ಹೇಳಿದ್ದು ಅಂಗಳಕ್ಕೆಲ್ಲ ಹೇಳಿದ ಹಾಗೆ. ಕಾಲು ಗಂಟೆಯಲ್ಲಿ ಎಲ್ಲ ಕಿಟಕಿಗಳೂ ಸಲಹೆ ಕೊಡತೊಡಗಿದವು. ಅಗಸಗಿತ್ತಿ ವಕೀಲರನ್ನು ಕರೆದೊಯ್ಯಿ ಎಂದಳು, ಬ್ರೆಡ್ಡಿನವನು ಬಡಿಗೆ ಒಯ್ಯಿ ಎಂದ. ಸಾಕ್ಷಿ ಬೇಕಲ್ಲ ಎಂದಳು ಅಗ್ಲಾಯೆ.

"ಸಾಕ್ಷಿ ನೀವೇ," ಎಂದ ಆನ್ಸೆಲ್ಮ. "ಕಂಬದ ನಡುವೆ ಇರೋ ಹೆಂಗಸಿನ ಮುಖ ನಿಮ್ಮದೇ. ಕಿಟಕೀಲಿ ನಿಂತು ಬೈತಿದ್ರಲ್ಲ, ನೋಡಿ ನೋಡಿ ಕೆತ್ತಿದೆ."

ಅವಳು ಸೊಂಟದ ಮೇಲೆ ಕೈಯಿಟ್ಟಳು. "ಬೈಯೋ ಮುಖಾನೇ ಕೆತ್ತಿದೀರಾ?"

"ಬೇರೆ ಮುಖ ಯಾವತ್ತು ತೋರಿಸಿದ್ರಿ?"

ಅಗ್ಲಾಯೆ ಐದು ದಿನ ಮಾತು ಬಿಡುವಷ್ಟು ಸಿಟ್ಟಾದಳು. ಆದರೆ ಹರಾಜು ಎರಡು ಗಂಟೆಗಿತ್ತು. ಹಕ್ಕಿಯ ಗರಿಯ ಭಾನುವಾರದ ಟೋಪಿ ಹಾಕಿಕೊಂಡು ಹೊರಟಳು.

ತಿಬೋ ಅಜ್ಜ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿಕೊಂಡಿದ್ದ. ಪಾದರಸದ ಹೊಗೆಯಿಂದ ಅವನ ಹಲ್ಲು ಉದುರಿ ಬಹಳ ದಿನವಾಗಿತ್ತು. ಕೈ ಗಾಳಿಗೆ ಸಿಕ್ಕ ಎಲೆಯ ಹಾಗೆ ನಡುಗುತ್ತಿತ್ತು, ಚಿನ್ನ ಬಳಿಯುವಾಗ ಮಾತ್ರ ನಿಲ್ಲುತ್ತಿತ್ತು. ಮನೆಯೊಡೆಯ ಆ ಬೆಂಕಿಯನ್ನು ಕಟ್ಟಡದಲ್ಲಿ ಹಚ್ಚಲೇಬಾರದು ಎಂದಿದ್ದ. "ನನ್ನ ಹೆಸರು ಎತ್ತಬೇಡ್ವೋ ಮಗಾ," ಎಂದು ಚಿಲಕದ ಹಿಂದಿನಿಂದ ಗೋಗರೆದ. ಎತ್ತುತ್ತಾರೋ ಇಲ್ಲವೋ ಎಂದು ನೋಡಲು ಕೊನೆಗೆ ಅವನೂ ಬಂದ.

ಕೆಲಸದ ಅಂಗಿ ತೊಟ್ಟವನನ್ನು ಹರಾಜು ಸಭೆಯ ಕಾವಲುಗಾರ ಒಳಗೆ ಬಿಡಲಿಲ್ಲ. ಬೀದಿಯಲ್ಲೇ ತಿಬೋ ಅಜ್ಜನ ಕೋಟು ಬಿಚ್ಚಿಸಿ ಆನ್ಸೆಲ್ಮನಿಗೆ ತೊಡಿಸಿದ್ದಾಯಿತು. ತೋಳು ಮೊಣಕೈಗೇ ನಿಂತಿತು. ದಿಂಬಿನ ಚೀಲಕ್ಕೆ ಹಾಸಿಗೆ ತುರುಕಿದ ಹಾಗೆ ಕಾಣುತ್ತಾ ಅವನು ಒಳಗೆ ಹೋದ. ಅಜ್ಜ ಬರಿ ಅಂಗಿಯಲ್ಲಿ ಅಗ್ಲಾಯೆಯ ಟೋಪಿಯ ಮರೆಯಲ್ಲಿ ನುಸುಳಿದ.

ಸುತ್ತಿಗೆ ಇನ್ನೇನು ಬೀಳಬೇಕು, ಆನ್ಸೆಲ್ಮ ಎದ್ದು ನಿಂತ.

"ಅದು ಹಳೇದಲ್ಲ. ನಾನು ಮಾಡಿದ್ದು. ಮೂರನೇ ಕವಲಿನ ಬಟ್ಟಲು ಬಿಚ್ಚಿ ನೋಡಿ."

ಮುಂದಿನ ಸಾಲಿನಲ್ಲಿದ್ದ ಲಾವರ್ದೆಯ ಮುಖ ಮೇಣದ ಬಣ್ಣಕ್ಕೆ ತಿರುಗಿತು. ಹರಾಜಿನ ತಜ್ಞರು, ಬಿಳಿ ಗಡ್ಡದ ಹಿರಿಯರು, ತಿರುಪು ಬಿಚ್ಚಿ ಬಟ್ಟಲನ್ನು ಭೂತಗನ್ನಡಿಯ ಕೆಳಗೆ ಹಿಡಿದರು.

"ಪೆರುಶೋ ಮಾಡಿದ್ದು," ಎಂದು ಅವರು ಗಟ್ಟಿಯಾಗಿ ಓದಿದರು.

ಇಪ್ಪತ್ತಾರು ವರ್ಷ ಕಾದ ಮಾತು ಕಿವಿಗೆ ಬಿತ್ತು. ಆನ್ಸೆಲ್ಮನ ಕೋಟಿನ ಒಂದು ಗುಂಡಿ ಹಾರಿಹೋಯಿತು.

ತಜ್ಞರ ಕಣ್ಣಲ್ಲಿ ನೀರು ತುಂಬಿತ್ತು. "ಯಾವ ಪುಸ್ತಕದಲ್ಲೂ ಇಲ್ಲದ ಹೆಸರು ಇದು. ದೊರೆಗಳ ಕಾಲದ ದೊಡ್ಡ ಕುಶಲಿಗನೊಬ್ಬ ಇವತ್ತು ಸಿಕ್ಕಿದ್ದಾನೆ. ಆ ಕೊನೇ ಅಕ್ಷರದ ಬಾಲ ನೋಡಿ, ಈಗಿನವರಿಗೆ ಆ ಕೈ ಎಲ್ಲಿ ಬರಬೇಕು?"

ಅದು ತನ್ನದೇ ಕೈ ಎಂದ ಆನ್ಸೆಲ್ಮ. ತಜ್ಞರು ಕನಿಕರದಿಂದ ಅವನ ಹೆಸರು ಕೇಳಿದರು. ಪೆರುಶೋ ಎಂದ ಕೂಡಲೇ ಅವರಿಗೆ ಎಲ್ಲ ಹೊಳೆಯಿತು: ಇವನು ಆ ಮಹನೀಯನ ವಂಶದವನು, ಬಟ್ಟಲಿನ ಗುಟ್ಟು ತಂದೆಯಿಂದ ಮಗನಿಗೆ ಇಳಿದು ಬಂದಿದೆ, ಪಾಪ, ತಲೆಗೆ ಹತ್ತಿದೆ. ಆನ್ಸೆಲ್ಮ ಅಗ್ಲಾಯೆಯನ್ನು ಮುಂದಕ್ಕೆ ತಳ್ಳಿದ. ತಜ್ಞರು ಅವಳ ಮೂಗನ್ನೂ ಕಂಚಿನ ಮೂಗನ್ನೂ ಎರಡೆರಡು ಸಲ ನೋಡಿದರು.

"ಮದಾಮ್, ನಿಮ್ಮ ಮುತ್ತಜ್ಜಿ ಅರಮನೆಯ ಕಡೆಯವರಾ?"

ಜಗಳಕ್ಕೆಂದು ತೋಳೇರಿಸಿ ಬಂದವಳ ಟೋಪಿಯ ಗರಿ ನೆಟ್ಟಗಾಯಿತು. "ಮನೇಲಿ ಹಾಗೇ ಹೇಳ್ತಿದ್ರು," ಎಂದಳು, ಆನ್ಸೆಲ್ಮನ ಕಡೆ ನೋಡದೆ.

ಅವನು ತಿಬೋ ಅಜ್ಜನ ಕಡೆ ತಿರುಗಿದ. ಇಂಥ ಮುಲಾಮು ಹಾಕಬಲ್ಲವರು ಇಂದು ಯಾರೂ ಬದುಕಿಲ್ಲ ಎಂದು ತಜ್ಞರು ಹೇಳುತ್ತಿದ್ದರು. ಅರವತ್ತು ವರ್ಷದಲ್ಲಿ ತನ್ನ ಕೆಲಸಕ್ಕೆ ಬಿದ್ದ ಮೊದಲ ಹೊಗಳಿಕೆಗೆ ಅಜ್ಜ ಬಿಕ್ಕಿ ಬಿಕ್ಕಿ ಅಳುತ್ತಿದ್ದ. "ನಿಜ ಸ್ವಾಮಿ. ಯಾರೂ ಬದುಕಿಲ್ಲ," ಎಂದ.

ಬೆಲೆ ನಾಲ್ಕು ಪಟ್ಟಾಯಿತು. ಲಾವರ್ದೆಯ ಮುಖಕ್ಕೆ ರಕ್ತ ಮರಳಿತು.

ಆನ್ಸೆಲ್ಮ ಜೇಬಿನಿಂದ ಉಳಿ ತೆಗೆದ. ಕುರ್ಚಿಗಳನ್ನು ದಾಟಿ, ಎರಡನೆಯ ಸ್ತಂಭದ ಬಟ್ಟಲು ಬಿಚ್ಚಿ, ನೂರು ಜನ ನೋಡುತ್ತಿರುವಂತೆಯೇ ಕೆತ್ತಿದ: 'ಪೆರುಶೋ ಮಾಡಿದ್ದು.' ಸಿಟ್ಟಿಗೆ ಕೈ ಕೊಂಚ ನಡುಗಿತು. ಬಾಲವನ್ನು ಮಾತ್ರ ಬಿಡಲಿಲ್ಲ.

ತಜ್ಞರು ಎರಡನ್ನೂ ಹೋಲಿಸಿ ತಲೆಯಾಡಿಸಿದರು. "ನಕಲು ಪರವಾಗಿಲ್ಲ. ಆದ್ರೆ ಪೆರುಶೋ ಅವರ ಆ ಧೈರ್ಯ ಇದರಲ್ಲಿಲ್ಲ."

ಠಾಣೆಯಲ್ಲಿ ದೂರು ಹೀಗೆ ದಾಖಲಾಯಿತು: ಪುರಾತನ ವಸ್ತುವನ್ನು ಕೆಡಿಸಿದ್ದು, ದಿವಂಗತ ಪೆರುಶೋ ಅವರ ಸಹಿಯನ್ನು ನಕಲು ಮಾಡಿದ್ದು. ಸಂಜೆ ಲಾವರ್ದೆಯೇ ಬಂದು ಬಿಡಿಸಿಕೊಳ್ಳಲು ನಿಂತ. ಅವನ ಮುಖದಲ್ಲಿ ಹಬ್ಬದ ಕಳೆಯಿತ್ತು. ಆ ಮಹನೀಯರ ಇನ್ನೂ ಆರು ಜೋಡಿಗೆ ಬೇಡಿಕೆ ಬಂದಿದೆಯಂತೆ.

"ನಾನು ಮಾತು ತಪ್ಪೋನಲ್ಲ ಪೆರುಶೋ. ಸತ್ತು ನೂರು ವರ್ಷ ಆದ್ಮೇಲೆ ಹೆಸರು ಹಾಕಿಸ್ತೀನಿ ಅಂದಿದ್ದೆ. ಹಾಕಿಸ್ತೀನಿ. ನೀವು ಕೆತ್ತೋದು ಬೇಡ, ಕೈ ನಡುಗುತ್ತೆ ಅಂತಾರೆ. ಬೇರೆಯವರಿದ್ದಾರೆ."

ಠಾಣೆಯ ಗುಮಾಸ್ತ ಒಂದು ಹಾಳೆ ಮುಂದಿಟ್ಟ. ಪೆರುಶೋ ಎಂಬ ಹೆಸರನ್ನು ಇನ್ನು ಮುಂದೆ ಎಲ್ಲಿಯೂ ಬರೆಯುವುದಿಲ್ಲ, ಕೆತ್ತುವುದಿಲ್ಲ ಎಂಬ ಮುಚ್ಚಳಿಕೆ. ಒಪ್ಪಿದರೆ ಮನೆಗೆ, ಇಲ್ಲದಿದ್ದರೆ ಒಳಗೆ.

"ಕೆಳಗೆ ಸಹಿ ಹಾಕಿ," ಎಂದ ಗುಮಾಸ್ತ.

ಆನ್ಸೆಲ್ಮ ಲೇಖನಿ ತೆಗೆದುಕೊಂಡು ತನ್ನ ಹೆಸರು ಬರೆದ. ಗುಮಾಸ್ತ ಅದನ್ನು ನೋಡಿದ, ಮುಚ್ಚಳಿಕೆಯನ್ನು ನೋಡಿದ, ಹಾಳೆಯನ್ನು ಹರಿದುಹಾಕಿ ಹೊಸದೊಂದನ್ನು ಇಟ್ಟ.

ಏಳನೆಯ ಹಾಳೆಗೆ ಲಾವರ್ದೆ ಕೂತಲ್ಲೇ ತೂಕಡಿಸುತ್ತಿದ್ದ. ಆನ್ಸೆಲ್ಮ ಪೆರುಶೋ ಲೇಖನಿಯನ್ನು ಮಸಿಯಲ್ಲಿ ಚೆನ್ನಾಗಿ ಅದ್ದಿ, ಬಾಲವನ್ನು ಹಾಳೆಯ ಅಂಚಿನವರೆಗೂ ಎಳೆದ. ಅದರ ಕೆಳಗೆ ಈ ಸಲ ಜಾಗ ಉಳಿಸಿಕೊಂಡು ಇಸವಿಯನ್ನೂ ಹಾಕಿದ.