ಗೇಟಿನ ಮುಂದೆ ಹನ್ನೆರಡು ಗಾಲಿ

೨೦೨೪ನೆಯ ಇಸವಿ ಫೆಬ್ರುವರಿ ೧೧, ರವಿವಾರ. ಬೆಳಗಿನ ಆರು ಗಂಟೆ ಹತ್ತು ನಿಮಿಷಕ್ಕೆ ಬಸಯ್ಯ ಮಾಸ್ತರರು ನವನಗರದ ತಮ್ಮ ಮನೆಯ ಗೇಟಿನೊಳಗೆ ನಿಂತು ಗಾಲಿಗಳನ್ನು ಎಣಿಸಿದರು. ಹನ್ನೆರಡು. ಮರಳಿ ಎಣಿಸಿದರು. ಹನ್ನೆರಡೇ. ಮೂವತ್ನಾಲ್ಕು ವರ್ಷ ಗಣಿತ ಕಲಿಸಿದವರು ಒಂದು ಲೆಕ್ಕವನ್ನು ಎರಡು ಸಲ ಮಾಡುವುದು ಉತ್ತರದ ಮೇಲೆ ಅನುಮಾನವಿದ್ದಾಗ, ಇಲ್ಲವೇ ಉತ್ತರ ಸುಳ್ಳಾಗಲಿ ಎಂಬ ಆಸೆಯಿದ್ದಾಗ. ಮಾಸ್ತರರಿಗೆ ಅನುಮಾನವಿರಲಿಲ್ಲ.

ಗಾಲಿಗಳ ಮೇಲೆ ನಿಂತಿದ್ದುದು ಎದುರುಮನೆಯ ದಸ್ತಗೀರಸಾಬನ ಕ್ರೇನು. ಕುಳಗೇರಿ ಕ್ರಾಸಿನ ಆಚೆ ಗಾಳಿಯಂತ್ರಗಳ ಕಂಬ ನಿಲ್ಲಿಸುವ ಕೆಲಸಕ್ಕೆ ವಾರವಿಡೀ ದುಡಿದು, ಪ್ರತಿ ಶನಿವಾರ ಸಂಜೆ ಅದು ಮಾಲೀಕನೊಂದಿಗೆ ಮನೆಗೆ ಬರುತ್ತಿತ್ತು. ಆರು ವಾರಗಳಿಂದ ಇದೇ ಕ್ರಮ. ಆದರೆ ಇಷ್ಟು ದಿನ ದಸ್ತಗೀರಸಾಬನ ಮನೆಗೆ ಆತು ನಿಲ್ಲುತ್ತಿದ್ದುದು, ಆ ಬದಿಯಲ್ಲಿ ನೀರಿನ ಪೈಪಿಗಾಗಿ ಗುಂಡಿ ತೋಡಿದ್ದರಿಂದ, ಈ ಸಲ ಮಾಸ್ತರರ ಗೇಟಿಗೇ ಆತು ನಿಂತಿತ್ತು. ಬಾದಾಮಿಯ ಬಂಡೆಯೊಂದಕ್ಕೆ ಹಳದಿ ಬಣ್ಣ ಬಳಿದು ಯಾರೋ ಬೀದಿಗೆ ತಂದು ಬಿಟ್ಟಂತಿತ್ತು. ಉದ್ದ ನಲವತ್ತಮೂರು ಅಡಿ. ಮಾಸ್ತರರ ಪ್ಲಾಟಿನ ಅಗಲ ಮೂವತ್ತು. ಗೇಟಿಗೂ ಗಾಲಿಗೂ ನಡುವೆ ಉಳಿದಿದ್ದ ಜಾಗ ಹದಿನೈದು ಇಂಚು.

ಬೇರೆ ದಿನವಾಗಿದ್ದರೆ ಮಾಸ್ತರರು ಆ ಹದಿನೈದು ಇಂಚಿನಲ್ಲಿ ಅಡ್ಡವಾಗಿ ನುಸುಳಿ ಹಾಲು ತರಲು ಹೋಗುತ್ತಿದ್ದರು. ಆದರೆ ಈ ದಿನ ಹನ್ನೆರಡೂವರೆಗೆ ಇಳಕಲ್ಲಿನಿಂದ ಮಗಳು ಸುನಂದಾಳನ್ನು ನೋಡಲು ಹನ್ನೊಂದು ಜನ ಬರುವವರಿದ್ದರು. ಹುಡುಗ ಪ್ರವೀಣಕುಮಾರನಿಗೆ ಹುನಗುಂದದಲ್ಲಿ ಸರಕಾರಿ ನೌಕರಿ. ಹದಿನಾಲ್ಕು ತಿಂಗಳಲ್ಲಿ ಬರುತ್ತಿರುವ ಆರನೆಯ ಸಂಬಂಧ. ಮೇ ಮೂವತ್ತೊಂದಕ್ಕೆ ಮಾಸ್ತರರ ನಿವೃತ್ತಿ. ಅದಕ್ಕೆ ಮೊದಲು ಮಗಳ ಲಗ್ನ ಮುಗಿಯಬೇಕೆಂಬುದು ಅವರು ಹಾಕಿಕೊಂಡ ಗೆರೆ. ಹದಿನೈದು ಇಂಚಿನಲ್ಲಿ ವರ ನುಸುಳಬಹುದಿತ್ತು. ವರನ ತಾಯಿ ನುಸುಳುವಂತಿರಲಿಲ್ಲ. ಸಂಬಂಧ ಹೊಂದಿಸಿದ ಸಿದ್ದಲಿಂಗವ್ವ ಆಕೆಯನ್ನು ವರ್ಣಿಸುವಾಗ "ತುಂಬಿದ ಮನಿ ಹೆಣ್ಮಗಳು" ಎಂದು ಎರಡೂ ಕೈ ಅಗಲಿಸಿ ತೋರಿಸಿದ್ದಳು.

"ಏನ್ರಿ, ಅದನ್ನ ನೋಡಕೊಂತ ನಿಂತ್ರ ಅದು ಹೊಕ್ಕೈತೇನು?" ಒಳಗಿನಿಂದ ಹೆಂಡತಿ ಗುರುಲಿಂಗವ್ವ ಕೂಗಿದಳು.

ಮಾಸ್ತರರು ನುಸುಳಿ ದಸ್ತಗೀರಸಾಬನ ಬಾಗಿಲು ಬಡಿದರು. ಆತ ಕಣ್ಣುಜ್ಜುತ್ತ ಬಂದ.

"ಬರ್ರಿ ಮಾಸ್ತರ್ರ, ಚಾ ಕುಡೀರಿ."

"ಚಾ ಬ್ಯಾಡ. ಗಾಡಿ ತೆಗೀ. ಇವತ್ತ ನಮ್ಮ ಸುನಂದಾನ್ನ ನೋಡಾಕ ಬರ್ತಾರ."

"ಅಲ್ಲಾ! ಮೊದಲ ಹೇಳಬಾರದೇನ್ರಿ? ಸುನಂದಾ ನನಗೂ ಮಗಳಿದ್ದಾಂಗ. ಈಗ ತೆಗೀತೇನಿ." ಹೊರಗೆ ಬಂದವನು ನಿಂತುಬಿಟ್ಟ. "ಆದರ ಎತ್ತಾಗ ತೆಗೀಲಿ?"

ಕ್ರೇನಿನ ಮುಂದೆಯೂ ಅದೇ ಪೈಪಿನ ಗುಂಡಿ. ಹಿಂದೆ, ಒಂದು ಮೊಳದ ಅಂತರದಲ್ಲಿ, ಪಕ್ಕದ ಮನೆಯ ಗಾಳೆಪ್ಪನ ಬಿಳಿ ಓಮ್ನಿ.

ಗಾಳೆಪ್ಪನನ್ನು ಕರೆಯುವ ಅಗತ್ಯ ಬೀಳಲಿಲ್ಲ. ಪರರ ಮನೆಯ ಕೆಲಸವೆಂದರೆ ಉಣ್ಣುವ ತಾಟು ಬಿಟ್ಟು ಏಳುವ ಮನುಷ್ಯ; ಬಾಯಲ್ಲಿ ಬ್ರಷ್ ಇಟ್ಟುಕೊಂಡೇ ಬಂದಿದ್ದ.

"ಕೀಲಿ ನಮ್ಮ ಯುವರಾಜನ ಕಿಸೇದಾಗ ಐತ್ರಿ."

"ಯುವರಾಜ ಎಲ್ಲಿ?"

"ನಿನ್ನೆ ಗೆಳ್ಯಾರ ಜೋಡಿ ಚೊಳಚಗುಡ್ಡಕ್ಕ ಹೋದ. ಫೋನ್ ಎತ್ತವಲ್ಲ."

"ಇನ್ನೊಂದು ಕೀಲಿ ಇರಬೇಕಲ್ಲ?"

"ಐತ್ರಿ. ಗಾಡಿ ಒಳಗ ಐತಿ."

ಓಮ್ನಿಯನ್ನು ದೂಡುವುದೆಂದು ನಿರ್ಧಾರವಾಯಿತು. ಎಂಟು ಜನ ಕೂಡಿದರು. ಗಾಳೆಪ್ಪನ ಹೆಂಡತಿ ಲಗಮವ್ವ ಮಾಳಿಗೆಯ ಮೇಲಿಂದ "ಹೂಂ, ಜೋರ್ಲೆ! ಉಂಡಿಲ್ಲೇನು?" ಎಂದು ಹುರಿದುಂಬಿಸಿದಳು. ಓಮ್ನಿ ಗೇರಿನಲ್ಲಿತ್ತು; ಹೊಸ ಎಮ್ಮೆಯಂತೆ ನಾಲ್ಕೂ ಕಾಲು ಊರಿ ನಿಂತಿತು. ಅರ್ಧ ಗಂಟೆಯ ಪ್ರಯತ್ನಕ್ಕೆ ಸಿಕ್ಕ ಫಲ ಎರಡು: ಗಾಡಿ ನಾಲ್ಕು ಇಂಚು ಸರಿಯಿತು, ಮಾಸ್ತರರ ಧೋತರ ಬಂಪರಿಗೆ ಸಿಕ್ಕು ಒಂದು ಗೇಣು ಹರಿಯಿತು.

ದಸ್ತಗೀರಸಾಬ ಬೆವರು ಒರೆಸಿಕೊಂಡು ಓಮ್ನಿಯನ್ನು ನೋಡಿದ, ಕ್ರೇನನ್ನು ನೋಡಿದ, ನಗತೊಡಗಿದ. "ಮಾಸ್ತರ್ರ, ನಾವು ಎಂಥಾ ಹುಚ್ಚರದೇವಿ ನೋಡ್ರಿ. ಎತ್ತುವ ಗಾಡಿ ಬಾಜೂಕ ಇಟಕೊಂಡು ದೂಡಾಕ ಹತ್ತೇವಿ!"

"ಏ, ನನ್ನ ಗಾಡಿ!" ಎಂದ ಗಾಳೆಪ್ಪ.

"ಅರವತ್ತ ಟನ್ ಎತ್ತಿದ ಕೈ ಇದು. ನಿನ್ನ ಓಮ್ನಿ ಅದಕ್ಕ ನಿಂಬಿಹಣ್ಣ ಇದ್ದಾಂಗ."

ಕ್ರೇನು ಎಚ್ಚರಗೊಂಡಿತು. ಬೀದಿಯ ಕಿಟಕಿಗಳೆಲ್ಲ ಒಮ್ಮೆಗೇ ನಡುಗಿದವು. ಅದು ತನ್ನ ಹೊಟ್ಟೆಯಡಿಯಿಂದ ನಾಲ್ಕು ಕಬ್ಬಿಣದ ಕಾಲುಗಳನ್ನು ಇಳಿಸಿ, ನೆಲಕ್ಕೆ ಊರಿ, ಹನ್ನೆರಡೂ ಗಾಲಿಗಳೊಂದಿಗೆ ತನ್ನನ್ನು ತಾನೇ ನೆಲದಿಂದ ಎತ್ತಿಕೊಂಡಿತು. ಆಮೇಲೆ ತೋಳು ಮೇಲೆದ್ದಿತು. ಇಪ್ಪತ್ತು ಅಡಿ. ನಲವತ್ತು. ತೋಳಿನೊಳಗಿಂದ ಇನ್ನೊಂದು ತೋಳು, ಅದರೊಳಗಿಂದ ಮತ್ತೊಂದು. ಎಂಬತ್ತು. ಹುಣಸೆಮರದ ಮೇಲಿದ್ದ ಕಾಗೆಯೊಂದು ಹಾರಿಹೋಗಿ ಅದರ ತುದಿಯಲ್ಲಿ ಕುಳಿತಾಗ ಕಡಲೆಕಾಳಿನಷ್ಟು ಕಂಡಿತು.

ಬಸಯ್ಯ ಮಾಸ್ತರರು ಬಾಯಿ ತೆರೆದು ನಿಂತಿದ್ದರು. ಕೋನ, ಭುಜ, ಭಾರ, ಆಧಾರ ಇವೆಲ್ಲವನ್ನೂ ಅವರು ಮೂವತ್ನಾಲ್ಕು ವರ್ಷ ಕರಿಹಲಗೆಯ ಮೇಲೆ ಬರೆದು ಒರೆಸಿದ್ದರು. ಅವು ಒಂದು ದಿನ ಎದ್ದು ತಮ್ಮ ಬೀದಿಯಲ್ಲಿ ನಿಲ್ಲುತ್ತವೆಂದು ಅವರಿಗೆ ತಿಳಿದಿರಲಿಲ್ಲ. ಓಮ್ನಿಯ ಹೊಟ್ಟೆಗೆ ಎರಡು ಪಟ್ಟಿ ಬಿಗಿದರು. ಅದು ಮೆಲ್ಲನೆ, ಯಾವ ಸದ್ದೂ ಇಲ್ಲದೆ, ತೊಟ್ಟಿಲಲ್ಲಿ ಮಲಗಿದ ಕೂಸಿನಂತೆ ಆಕಾಶಕ್ಕೆ ಹೋಯಿತು. ಬೀದಿಯವರೆಲ್ಲ ಅದರೊಂದಿಗೇ ಕತ್ತು ಎತ್ತಿದರು. ಲಗಮವ್ವ ಕೂಡ.

"ಅಪ್ಪಾ," ಮಾಳಿಗೆಯ ಮೇಲಿಂದ ಸುನಂದಾ ಮೆಲ್ಲಗೆ ಹೇಳಿದಳು, "ಎಷ್ಟ ಚಂದ ಐತಲ್ಲ."

"ಹೌದವ್ವ," ಎಂದರು ಮಾಸ್ತರರು. ಆ ಎರಡು ನಿಮಿಷ ಅವರಿಗೆ ಇಳಕಲ್ಲೂ ನೆನಪಿರಲಿಲ್ಲ, ಮೇ ಮೂವತ್ತೊಂದೂ ನೆನಪಿರಲಿಲ್ಲ.

ನೆನಪಾದದ್ದು ಓಮ್ನಿ ಇಳಿಯತೊಡಗಿದಾಗ. ಕ್ರೇನು, ಓಮ್ನಿ ನಿಂತ ಜಾಗ ಬಿಟ್ಟರೆ ಬೀದಿಯ ಮೇಲೆಲ್ಲ ಕರೆಂಟಿನ ತಂತಿ. ತಂತಿಯಿಲ್ಲದ ತೆರವು ಇನ್ನೊಂದೇ ಇತ್ತು. ಅದು ಮಾಸ್ತರರ ಅಂಗಳ. ಬೀಗರಿಗೆಂದು ಬಾಡಿಗೆಗೆ ತಂದಿದ್ದ ಹನ್ನೆರಡು ಕುರ್ಚಿಗಳನ್ನು ಗುರುಲಿಂಗವ್ವ ಬಡಬಡನೆ ಬದಿಗೆ ಎಳೆದಳು. ಹೊಸದಾಗಿ ಬಿಟ್ಟ ರಂಗೋಲಿಯ ಕಮಲದ ಮೇಲೆ ಓಮ್ನಿ ಲಕ್ಷ್ಮಿಯಂತೆ ಆಸೀನವಾಯಿತು.

"ಬರೂ ಮಂದಿ ಕನ್ಯಾ ನೋಡಬೇಕೋ, ಮೋಟಾರ ನೋಡಬೇಕೋ?" ಎಂದಳು ಗುರುಲಿಂಗವ್ವ.

"ಸಂಜೀಕ ಬಂದು ತೆಗೀತೇನ್ರಿ ಅಕ್ಕಾರ," ಎಂದ ದಸ್ತಗೀರಸಾಬ. "ಮಾಸ್ತರ್ರ, ಈಗ ಕ್ರೇನ್ ಎಲ್ಲಿ ನಿಲ್ಲಿಸಲಿ? ನೀವ ಒಂದು ಜಾಗಾ ಹೇಳ್ರಿ."

ಬಸಯ್ಯ ಮಾಸ್ತರರು ಸಾತ್ವಿಕರು. ಆದರೆ ಎರಡು ಕಿಲೋಮೀಟರು ಆಚೆ, ಇನ್ನೊಂದು ಸೆಕ್ಟರಿನಲ್ಲಿ, ಶಿವಲಿಂಗಯ್ಯ ಮಾಸ್ತರರ ಮನೆಯಿತ್ತು. ಒಂದೇ ಶಾಲೆ, ಒಂದೇ ಮಠದ ಒಕ್ಕಲು. ಸೇವೆಯಲ್ಲಿ ಬಸಯ್ಯನವರಿಗಿಂತ ನಾಲ್ಕು ತಿಂಗಳು ಹನ್ನೊಂದು ದಿನ ಕಿರಿಯ; ಆದರೂ ಮುಖ್ಯಾಧ್ಯಾಪಕನಾದವನು ಶಿವಲಿಂಗಯ್ಯ.

"ಶಿವಲಿಂಗಯ್ಯನ ಮನಿ ಮುಂದ ದೊಡ್ಡ ಬಯಲೈತಿ," ಎಂದರು ಮಾಸ್ತರರು. "ಅವರ ಗೇಟಿಗೆ ಹತ್ತಿಸಿ ನಿಲ್ಲಿಸು. ಭಾಳ ಒಳ್ಳೇ ಮನಷ್ಯಾ. ಏನೂ ಅನ್ನಾಂಗಿಲ್ಲ."

ಹತ್ತೂವರೆಗೆ ಕ್ರೇನು ಹೊರಟಿತು. ಹಲ್ಲು ಕಿತ್ತ ಬಾಯಿಯಂತೆ ಬೀದಿ ಬರಿದಾಯಿತು. ಅರ್ಧ ತಾಸಿನ ಮೇಲೆ ಮಾಸ್ತರರು ಮಾಳಿಗೆ ಹತ್ತಿ ನೋಡಿದರು. ಹಗ್ಗಕ್ಕೆ ಗ್ರೀಸು ಹಚ್ಚಲೆಂದು ದಸ್ತಗೀರಸಾಬ ಅಲ್ಲಿ, ಗೇಟು ಬಿಟ್ಟು ಬಯಲಿನ ನಡುವೆ, ತೋಳನ್ನು ಪೂರ್ತಿ ಎತ್ತಿ ನಿಲ್ಲಿಸಿದ್ದ. ಇಡೀ ನವನಗರದ ಮಾಳಿಗೆಗಳನ್ನು ದಾಟಿ ಅದು ಆಕಾಶದಲ್ಲಿ ನಿಂತಿತ್ತು. ತುದಿಯ ಕೊಕ್ಕೆ ಶಿವಲಿಂಗಯ್ಯನ ಮನೆಯ ನೆತ್ತಿಯ ಮೇಲೆ ಪ್ರಶ್ನೆಯ ಚಿಹ್ನೆಯಂತೆ ತೂಗುತ್ತಿತ್ತು. ಮಾಸ್ತರರಿಗೆ ಬಹಳ ವರ್ಷಗಳ ಮೇಲೆ ಹಸಿವಾಯಿತು.

ಹನ್ನೆರಡೂವರೆಯಾಯಿತು. ಒಂದಾಯಿತು. ಹೊಸ ಧೋತರ ಉಟ್ಟ ಮಾಸ್ತರರು ಓಮ್ನಿಗೂ ಗೇಟಿಗೂ ನಡುವೆ ಐವತ್ತು ಸಲ ತಿರುಗಿದರು. ಗಾಳೆಪ್ಪ ಕುರ್ಚಿಯೊಂದನ್ನು ತನ್ನ ಗಾಡಿಯ ಪಕ್ಕಕ್ಕೆ ಎಳೆದುಕೊಂಡು ಕುಳಿತಿದ್ದ.

"ನೀ ಮನೀಗೆ ಹೋಗಪಾ."

"ನನ್ನ ಗಾಡಿ ಇಲ್ಲೇ ಇದ್ದ ಮ್ಯಾಲ ನಾ ಹೆಂಗ ಹೋಗ್ಲಿ ಮಾಸ್ತರ್ರ? ಮಂದಿ ಹೊಸಬರು. ಯಾರ್ ಹೆಂಗೋ." ಎಂದು ಆತ ಬೀಗರಿಗಾಗಿ ಮಾಡಿದ್ದ ಅವಲಕ್ಕಿಯ ಮೂರನೆಯ ಪ್ಲೇಟು ಮುಗಿಸಿದ.

ಎರಡೂವರೆಗೆ ಇಳಕಲ್ಲಿನ ಸಿದ್ದಲಿಂಗವ್ವ ಫೋನು ಎತ್ತಿದಳು.

"ಅಕ್ಕಾ, ಬೀಗರು ಇನ್ನೂ ಬಂದಿಲ್ಲಲ್ಲ?"

"ಏನ್ ಹಂಗಂದ್ರ? ಹನ್ನೆರಡಕ್ಕ ಮುಟ್ಟೇವಿ ಅಂತ ಫೋನ್ ಮಾಡಿದ್ರಲ್ಲೋ. ಶಿರಾ ಭಾಳ ಚಲೋ ಆಗೈತಿ ಅಂತ ಹೇಳಿದ್ರು."

"ನಮ್ಮ ಮನ್ಯಾಗ ಶಿರಾನ ಮಾಡಿಲ್ಲ!" ಮಾಸ್ತರರು ಫೋನನ್ನು ಇನ್ನೊಂದು ಕಿವಿಗೆ ಹಿಡಿದರು. "ನೀ ಅವರಿಗೆ ಸೆಕ್ಟರ್ ನಂಬರು, ಪ್ಲಾಟ್ ನಂಬರು ಕೊಟ್ಟಿಲ್ಲೇನು? ನಾ ಚೀಟ್ಯಾಗ ಬರೆದು ಕೊಟ್ಟಿದ್ನೆಲ್ಲ."

"ಆ ನಂಬರು ಯಾರಿಗ್ ನೆನಪಿರತಾವೋ? ಸಂಕ್ರಾಂತಿ ಮುಂದ ನಿಮ್ಮ ಮನೀಗೆ ಬಂದಾಗ ನೋಡಿದ್ನೆಲ್ಲ, ಅದನ್ನ ಹೇಳೇನಿ. ಮುಗಿಲಿಗೆ ಹತ್ತಿದ್ದು ಹಳದಿ ಕ್ರೇನ್ ಎಲ್ಲಿ ನಿಂತಿರತೈತಿ, ಅದರ ಮುಂದ ಮಾಸ್ತರ ಮನಿ ಅಂತ."

ಮಾಸ್ತರರು ಮಾಳಿಗೆ ಹತ್ತಿದರು. ತೋಳು ಇನ್ನೂ ನಿಂತಿತ್ತು. ಅದರ ಭವ್ಯತೆಯಲ್ಲಿ ಕಿಂಚಿತ್ತೂ ಕಡಿಮೆಯಾಗಿರಲಿಲ್ಲ. ಅಷ್ಟರಲ್ಲಿ ಫೋನು ಬಡಿಯಿತು. ಶಿವಲಿಂಗಯ್ಯ.

"ಬಸಯ್ಯ, ಸಿಟ್ಟಾಗಬ್ಯಾಡ. ಹನ್ನೊಂದ ಮಂದಿ ಬಂದ್ರು. ಮಾಸ್ತರ ಮನಿ ಇದ ಏನ್ರಿ ಅಂದ್ರು. ನಾನೂ ಮಾಸ್ತರನ, ಹೌದಂದೆ. ಬಂದವರಿಗೆ ನೀರು ಕೊಡೂ ಮೊದಲ ನೀವು ಯಾರು ಅಂತ ಕೇಳೂದು ನಮ್ಮ ಮಂದ್ಯಾಗ ಐತೇನು?"

"ಇಲ್ಲ," ಎಂದರು ಬಸಯ್ಯ ಮಾಸ್ತರರು.

"ನೀರು ಕೊಟ್ವಿ, ಚಾ ಕೊಟ್ವಿ. ಸಿದ್ದಲಿಂಗವ್ವ ಹೇಳ್ಯಾಳ ಅಂದ್ರು. ಆಕಿ ನಮ್ಮ ಹಿರಿ ಮಗಳು ರೋಹಿಣಿಗೂ ಒಂದು ಗಂಡು ಕಳಸ್ತೇನಿ ಅಂತ ನಾಲ್ಕು ವರ್ಷ ಆತು ಹೇಳ್ಕೊಂತ. ಕಡೀಗೂ ಕಳಿಸಿದ್ಲು ಅಂತ ನಮ್ಮಾಕಿ ತುಪ್ಪ ಸುರುವಿ ಶಿರಾ ಮಾಡಿದ್ಲು. ಹುಡುಗಿ ಬಂದು ಕುಂತ್ಲು. ನಿನ್ನ ಹೆಸರೇನವಾ ಅಂದ್ರು, ರೋಹಿಣಿ ಅಂದ್ಲು. ಸುನಂದಾ ಅಲ್ಲೇನು ಅಂದ್ರು. ಆವಾಗ ಗೊತ್ತಾತು. ಆದರ ಅಷ್ಟೊತ್ತಿಗೆ ಹುಡುಗ ಎರಡನೇ ಸಲ ಚಾ ಕೇಳಿದ್ದ."

"ಹಂಗಾರ ಈಗರ ಇಲ್ಲಿಗೆ ಕಳಸು."

"ನಾನೂ ಅದನ್ನ ಅಂದೆ. ಒಂದ ದಿನ ಎರಡು ಕನ್ಯಾ ನೋಡಬಾರದು ಅಂತಾಳ ಹುಡುಗನ ಅಜ್ಜಿ. ರೋಹಿಣಿನ್ನ ಒಪ್ಪಿ ಎಲೆ ಅಡಿಕಿ ಹಿಡದ್ರು, ಹೋದ್ರು. ಬಸಯ್ಯ, ನಿನ್ನ ಋಣ ನನ್ನ ಮ್ಯಾಲ ಐತಿ. ಒಂದು ವರ ನಾ ನಿನಗ ಕೊಡಬೇಕು."

ಮಾಸ್ತರರು ಫೋನು ಇಟ್ಟು ವಿಷಯ ಹೇಳಿದಾಗ ಗುರುಲಿಂಗವ್ವ ಸೆರಗು ಬಾಯಿಗಿಟ್ಟುಕೊಂಡಳು. ಸುನಂದಾ ಮಾತ್ರ, "ಹೋಗ್ಲಿ ಬಿಡಪಾ, ಕ್ರೇನ್ ನೋಡಿ ಹೆಣ್ಣು ಹುಡುಕಾವ ನನಗ್ಯಾಕ," ಎಂದು ಒಳಗೆ ಹೋದಳು. ಬಾಗಿಲನ್ನು ಸ್ವಲ್ಪ ಜೋರಾಗಿಯೇ ಹಾಕಿಕೊಂಡಳು.

ನಾಲ್ಕಕ್ಕೆ ಸಿದ್ದಲಿಂಗವ್ವನ ಫೋನು ಮತ್ತೆ ಬಂತು. "ಚಿಂತಿ ಮಾಡಬ್ಯಾಡ ತಮ್ಮಾ. ಬರೂ ರವಿವಾರ ಬಾದಾಮಿಯವರು ಬರ್ತಾರ. ಹುಡುಗ ಕಾಲೇಜಿನ್ಯಾಗ ಗಣಿತ ಕಲಸ್ತಾನ. ವಿಳಾಸಾನೂ ಹೇಳಿಬಿಟ್ಟೇನಿ."

"ಏನಂತ ಹೇಳೀದಿ ಅಕ್ಕಾ?"

"ಮತ್ತೇನಂತ ಹೇಳ್ಲಿ? ನಿಮ್ಮ ಮನಿಗೆ ಇನ್ನೇನ್ ಗುರುತೈತಿ?"

ಐದು ಗಂಟೆಗೆ ಬಸಯ್ಯ ಮಾಸ್ತರರು ಶಿವಲಿಂಗಯ್ಯನ ಬಯಲಿಗೆ ನಡೆದು ಬಂದರು. ಕ್ರೇನಿನ ಹನ್ನೆರಡೂ ಗಾಲಿಗಳಿಗೆ ವಿಭೂತಿ, ಕುಂಕುಮ ಬಳಿದಿತ್ತು. ಕೊಕ್ಕೆಗೆ ಚೆಂಡುಹೂವಿನ ಮಾಲೆ. ಓಣಿಯ ಹೆಂಗಸರು ಆರತಿ ಮುಗಿಸಿ, ತಲೆಯೆತ್ತಿ, ಗೋಪುರ ನೋಡುವಂತೆ ನೋಡುತ್ತ ನಿಂತಿದ್ದರು. ಮಾಸ್ತರರಿಗೂ ಕೈ ಮುಗಿಯುವ ಮನಸ್ಸಾಯಿತು. ಯಾರೂ ನೋಡದಂತೆ ಮುಗಿದರು.

"ದಸ್ತಗೀರಸಾಬ, ನಡಿ ಮನೀಗೆ. ಅಂಗಳದಾಗಿನ ಓಮ್ನಿ ತೆಗೀಬೇಕು. ಮತ್ತ... ಇನ್ನ ಮ್ಯಾಲ ನಮ್ಮ ಗೇಟಿನ ಮುಂದನ ನಿಲ್ಲಿಸು. ಹತ್ತಿಸಿನ ನಿಲ್ಲಿಸು."

ದಸ್ತಗೀರಸಾಬ ತಲೆ ಕೆರೆದುಕೊಂಡ. "ಶಿವಲಿಂಗಯ್ಯ ಮಾಸ್ತರ್ರು ಬಿಡವಲ್ರು ಅಂತೇನಿ. ಕಿರಿ ಮಗಳೂ ಲಗ್ನಕ್ಕ ಬಂದಾಳಂತ. ವಾರಾ ವಾರಾ ಇಲ್ಲೇ ನಿಲ್ಲಸಪಾ, ಶುಭ ಐತಿ ಅಂತ ಕೈ ಹಿಡಕೊಂಡ್ರು. ನಾ ಹೂಂ ಅಂದುಬಿಟ್ಟೇನಿ. ಹಿರೇರಿಗೆ ಮಾತು ಕೊಟ್ಟು ಹೆಂಗ ತಪ್ಪಲಿ?"

ಶಿವಲಿಂಗಯ್ಯ ಪೇಡೆಯ ಡಬ್ಬಿ ಹಿಡಿದು ಹೊರಗೆ ಬಂದ. ಬಸಯ್ಯ ಮಾಸ್ತರರು ಪೇಡೆ ತೆಗೆದುಕೊಳ್ಳಲಿಲ್ಲ, ಕ್ರೇನು ಕೇಳಿದರು. ಕಾರಣವನ್ನೂ ಹೇಳಿದರು, ಬಾದಾಮಿಯ ಹುಡುಗನ ಸಹಿತ. ಶಿವಲಿಂಗಯ್ಯ ಕೊಕ್ಕೆಯನ್ನು ನೋಡಿದ, ಮನೆಯೊಳಗಿನ ಕಿರಿಮಗಳನ್ನು ನೆನೆದ, ಕೊನೆಗೆ ಪೇಡೆಯ ಡಬ್ಬಿ ಮುಚ್ಚಿದ.

"ಕೊಡ್ತೇನಿ. ಆದರ ಲೆಕ್ಕ ಇಲ್ಲೇ ಮುಗೀಬೇಕು. ಮುಂದ ನಾಕು ಮಂದ್ಯಾಗ, ಇವನ ಕಡೆಯಿಂದ ಒಂದು ವರ ಬರೂದೈತಿ ಅಂತ ನೀ ಅನ್ನಬಾರದು."

ಮೂವತ್ನಾಲ್ಕು ವರ್ಷಗಳಲ್ಲಿ ಬಸಯ್ಯ ಮಾಸ್ತರರು ಯಾವ ಲೆಕ್ಕದ ಉತ್ತರವನ್ನೂ ಇಷ್ಟು ಬೇಗ ಒಪ್ಪಿಕೊಂಡಿರಲಿಲ್ಲ. "ಅನ್ನಾಂಗಿಲ್ಲ," ಎಂದರು.

ಶಿವಲಿಂಗಯ್ಯ ಕೈ ಚಾಚಿದ. ದಸ್ತಗೀರಸಾಬನ ಸಾಕ್ಷಿಯಲ್ಲಿ, ಓಣಿಯ ಹದಿನೇಳು ಹೆಂಗಸರ ಎದುರಿನಲ್ಲಿ, ಒಂದು ವರಕ್ಕೆ ಒಂದು ಕ್ರೇನು ವಜಾ ಆಗಿ ಋಣ ಚುಕ್ತಾ ಆಯಿತು.