ಅತ್ತೆಯ ಗುನುಗು

ನಮ್ಮ ಅತ್ತೆಗೆ ಹಾಡಲು ಬರುತ್ತಿರಲಿಲ್ಲ. ಇದು ನನ್ನ ಅಭಿಪ್ರಾಯವಲ್ಲ, ಅವಳದೇ. ಯಾರಾದರೂ ಕೇಳಿದರೆ ತನಗೂ ಸಂಗೀತಕ್ಕೂ ಏನು ಸಂಬಂಧ ಎಂದು ಸೆರಗು ಕೊಡವಿ ಎದ್ದುಬಿಡುತ್ತಿದ್ದಳು. ಎದ್ದು ನಾಲ್ಕು ಹೆಜ್ಜೆ ಹಾಕುವಷ್ಟರಲ್ಲಿ ಗುನುಗು ಶುರುವಾಗಿರುತ್ತಿತ್ತು! ತುಟಿ ಮುಚ್ಚಿಯೇ ಇರುತ್ತಿತ್ತು, ಪದಗಳಿರುತ್ತಿರಲಿಲ್ಲ, ಮೂಗಿನ ಹಿಂದೆಲ್ಲೋ ಒಂದು ಜೇನುಹುಳು ಮನೆ ಮಾಡಿಕೊಂಡ ಹಾಗೆ ಸಣ್ಣಗೆ ಹರಿದು ಬರುತ್ತಿತ್ತು. ಅವಳು ದಿನವಿಡೀ ಗುನುಗುತ್ತಾಳೆಂಬುದು ನಮ್ಮ ಇಡೀ ಬೀದಿಗೆ ಗೊತ್ತಿತ್ತು, ಅವಳೊಬ್ಬಳನ್ನು ಬಿಟ್ಟು.

ಅತ್ತೆ ಎಂದರೆ ಅಪ್ಪನ ಅಕ್ಕ. ಮದುವೆಯಾಗಿರಲಿಲ್ಲ, ನಮ್ಮ ಜೊತೆಯೇ ಇದ್ದಳು. ಎಪ್ಪತ್ತರ ದಶಕದ ಆರ್.ಟಿ. ನಗರ ಅದು. ಒಂದು ಮನೆ ಇದ್ದರೆ ಪಕ್ಕದಲ್ಲಿ ಮೂರು ಖಾಲಿ ಸೈಟು, ಸೊಂಟದೆತ್ತರದ ಹುಲ್ಲು, ಹೆಬ್ಬಾಳದ ಕಡೆಗೆ ದ್ರಾಕ್ಷಿ ತೋಟಗಳು. ಚಳಿಗಾಲದ ಬೆಳಗ್ಗೆ ಕೆರೆಯ ಮಂಜು ನಮ್ಮ ಗೇಟಿನವರೆಗೂ ಬಂದು ನಿಲ್ಲುತ್ತಿತ್ತು. ಆ ಮಂಜಿನಲ್ಲಿ ಅತ್ತೆ ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಡುವಾಗ ಅವಳು ಕಾಣಿಸುತ್ತಿರಲಿಲ್ಲ, ಗುನುಗು ಮಾತ್ರ ಕೇಳಿಸುತ್ತಿತ್ತು. ಕಂಬಳಿಯೊಳಗೆ ಅರೆನಿದ್ದೆಯಲ್ಲಿದ್ದ ನನಗೆ ನಮ್ಮ ಮನೆಯೇ ಮೆಲ್ಲಗೆ ಕಟ್ಟು ಬಿಚ್ಚಿಕೊಂಡು, ಖಾಲಿ ಸೈಟುಗಳ ಮೇಲೆ ತೇಲಿಕೊಂಡು ಎತ್ತಲೋ ಹೊರಟಿದೆ ಅನಿಸುತ್ತಿತ್ತು. ಎಷ್ಟೋ ದಿನ ಸ್ಕೂಲಿಗೆ ತಡವಾದದ್ದಕ್ಕೆ ಇದೇ ಕಾರಣ. ಮೇಷ್ಟರಿಗೆ ಹೇಳಿದ್ದರೆ ನಂಬುತ್ತಿದ್ದರೆ?

ಆ ಗುನುಗು ಬರೀ ಗುನುಗಾಗಿದ್ದರೆ ಇಷ್ಟೆಲ್ಲ ಬರೆಯಬೇಕಾಗಿರಲಿಲ್ಲ. ಅದು ನೆಗಡಿಯ ಹಾಗೆ ಅಂಟುತ್ತಿತ್ತು!

ಒಂದು ಭಾನುವಾರ ಅತ್ತೆ ಪಡಸಾಲೆಯಲ್ಲಿ ಕೂತು ನೆನೆಸಿದ ಅವರೆಕಾಳು ಹಿತುಕುತ್ತಿದ್ದಳು. ಗುನುಗು ಆ ದಿನ ಬಹಳ ಕೆಳಗಿನ ಸ್ವರದಲ್ಲಿತ್ತು, ಒಂದೊಂದು ಸ್ವರವೂ ಕಾಲೆಳೆದುಕೊಂಡು ಬರುತ್ತಿತ್ತು. ಪೇಪರು ಓದುತ್ತಿದ್ದ ಅಪ್ಪ ಅದನ್ನು ಮಡಿಸಿಟ್ಟು ಗೋಡೆ ನೋಡತೊಡಗಿದರು. ತೀರಿಕೊಂಡ ಹಳೆಯ ಮೇಷ್ಟರೊಬ್ಬರ ಕಾಗದಕ್ಕೆ ತಾನು ಉತ್ತರ ಬರೆಯಲೇ ಇಲ್ಲವೆಂಬುದು ಅವರಿಗೆ ಆಗ ನೆನಪಾಯಿತಂತೆ. ಊರು ಬಿಟ್ಟು ಹೋದ ಗೆಳತಿಯ ನೆನಪಾಗಿ ನಾನು ಸ್ಲೇಟಿನ ಮೇಲೆ ಅವಳ ಹೆಸರು ಬರೆಯುತ್ತ ಕೂತೆ. ಅಮ್ಮ ಒಗ್ಗರಣೆಯ ಸೌಟು ಹಿಡಿದು ಕಿಟಕಿಯಾಚೆ ನೋಡುತ್ತ ನಿಂತವಳು ಸಾಸಿವೆ ಸೀದದ್ದನ್ನೂ ಗಮನಿಸಲಿಲ್ಲ. ಊಟಕ್ಕೆ ಕೂತಾಗ ಮೂವರೂ ಮೂಗೊರೆಸಿಕೊಳ್ಳುತ್ತಿದ್ದೆವು. ಅಪ್ಪ ಸಾರಿಗೆ ಖಾರ ಜಾಸ್ತಿಯಾಗಿದೆ ಎಂದು ಸುಳ್ಳು ಹೇಳಿದರು. ಅತ್ತೆಯೊಬ್ಬಳು ಎರಡೆರಡು ಸಲ ಬಡಿಸಿಕೊಂಡು ಚೆನ್ನಾಗಿ ಉಂಡು, ನಮ್ಮ ಮುಖಗಳನ್ನು ಒಂದೊಂದಾಗಿ ನೋಡಿದಳು.

"ಏನಾಗಿದೆ ನಿಮಗೆಲ್ಲ ಇವತ್ತು? ರಜಾ ದಿನ, ನಗ್ತಾ ಇರೋಕಾಗಲ್ವಾ?"

ಅಲ್ಲಿಂದಾಚೆ ನಾವೆಲ್ಲ ಹುಷಾರಾದೆವು. ಪುಟುಪುಟು ಓಡುವ ಗುನುಗು ಕೇಳಿಸಿದರೆ, ಎಲ್ಲರೂ ಖುಷಿಯಲ್ಲಿರುವ ಹೊತ್ತೆಂದು ಅಪ್ಪ ಸಿನಿಮಾದ ಮಾತೆತ್ತುತ್ತಿದ್ದರು. ನಾನು ಛತ್ರಿ ಕಳೆದುಕೊಂಡ ಸುದ್ದಿಯನ್ನು ನಾಲ್ಕು ದಿನ ಹೊಟ್ಟೆಯಲ್ಲಿಟ್ಟುಕೊಂಡಿದ್ದು, ಅವಳು ಮಲ್ಲಿಗೆ ಕಟ್ಟುತ್ತ ತೆಳ್ಳಗೆ ಗುನುಗಿದ ಸಂಜೆ ಹೇಳಿ ಪಾರಾದೆ. ಮನೆಯಲ್ಲೊಂದು ರೇಡಿಯೊ ಇತ್ತು, ಆದರೆ ಅತ್ತೆಗೆ ಅದು ಹಿಡಿಸುತ್ತಿರಲಿಲ್ಲ. ಯಾರದೋ ಮನಸ್ಸು ನಮ್ಮನೆಗೆ ಯಾಕೆ ಎಂದು ಅದರ ಕಿವಿ ತಿರುಗಿಸಿ ಬಾಯಿ ಮುಚ್ಚಿಸುತ್ತಿದ್ದಳು. ಮುಚ್ಚಿಸಿ, ಅದು ಬಿಟ್ಟಲ್ಲಿಂದ ತಾನು ಶುರು ಮಾಡುತ್ತಿದ್ದಳು!

ಅವಳಿಗೆ ಮದುವೆ ಯಾಕಾಗಲಿಲ್ಲ ಎಂದು ಅಜ್ಜಿಯನ್ನು ಕೇಳಿದರೆ ಈ ಗುನುಗಿನ ಮೇಲೇ ಬೆರಳು ತೋರಿಸುತ್ತಿದ್ದರು. ಯಲಹಂಕದಿಂದ ಹೆಣ್ಣು ನೋಡಲು ಬಂದಿದ್ದರಂತೆ. ಹುಡುಗ, ಅವನ ಅಪ್ಪ, ಅಮ್ಮ. ಹಾಡು ಬರುತ್ತದೆಯೇ ಎಂದು ಹುಡುಗನ ತಾಯಿ ಕೇಳಿದ್ದಕ್ಕೆ ಅತ್ತೆ ಪ್ರಾಮಾಣಿಕವಾಗಿ ಇಲ್ಲವೆಂದು ಹೇಳಿ ಕಾಫಿ ತರಲು ಒಳಗೆ ಹೋದಳು. ಡಿಕಾಕ್ಷನ್ ನಿಧಾನವಾಗಿ ಇಳಿಯುತ್ತಿತ್ತು, ಗುನುಗೂ ಅದರ ಜೊತೆಗೇ ಇಳಿಯುತ್ತಿತ್ತು. ನಡುಮನೆಯಲ್ಲಿ ಕೂತಿದ್ದ ಆ ತಾಯಿ ಅದನ್ನು ಕೇಳುತ್ತ ಕೇಳುತ್ತ ಮೆತ್ತಗಾದರು. ತಾನು ಮದುವೆಯಾಗಿ ಬಂದ ಹೊಸದರಲ್ಲಿ ಗಂಡನ ಮನೆಯವರು ತಂಗಿಯ ಮದುವೆಗೂ ತನ್ನನ್ನು ಕಳಿಸಲಿಲ್ಲವೆಂಬ ಕಥೆಯನ್ನು, ಮೂವತ್ತು ವರ್ಷ ಬಾಯಿ ಬಿಡದವರು, ಅಪರಿಚಿತರ ಮನೆಯಲ್ಲಿ ಕೂತು ಹೇಳತೊಡಗಿದರು. ಅವರ ಯಜಮಾನರು ಗಂಟಲು ಸರಿಮಾಡಿಕೊಂಡರು. ಆಕೆ ನಿಲ್ಲಿಸಲಿಲ್ಲ. ಅವರು ಗದರಿದರು. ಆಕೆ ಅತ್ತರು. ಅತ್ತೆ ಕಾಫಿ ತರುವ ಹೊತ್ತಿಗೆ ಹುಡುಗ ಇಬ್ಬರನ್ನೂ ಕರೆದುಕೊಂಡು ಗೇಟು ದಾಟಿದ್ದ! ಮಾಡಿದ್ದ ಕೇಸರಿಬಾತನ್ನು ಮನೆಯವರು ಎರಡು ದಿನ ತಿಂದರಂತೆ. ಅತ್ತೆಗೇನೂ ಬೇಜಾರಾಗಲಿಲ್ಲ.

"ಆ ಮನೇಲಿ ಯಾಕೋ ತುಂಬಾ ದುಃಖ ಇದೆ ಕಣಮ್ಮ, ಹೋಗದೇ ಇದ್ದಿದ್ದೇ ಒಳ್ಳೇದಾಯ್ತು," ಎಂದು ಅಜ್ಜಿಯನ್ನೇ ಸಮಾಧಾನ ಮಾಡಿದಳಂತೆ.

ಯಶವಂತಪುರದ ಆಚೆ ಒಂದು ಸಣ್ಣ ಕಾರ್ಖಾನೆಯಲ್ಲಿ ಅತ್ತೆಗೆ ಕೆಲಸ. ಫ್ಯಾನುಗಳಿಗೆ ತಾಮ್ರದ ತಂತಿ ಸುತ್ತುವುದು. ಉದ್ದನೆಯ ಮೇಜಿಗೆ ಹತ್ತು ಹನ್ನೆರಡು ಹೆಂಗಸರು ಕೂತು, ಪುಟ್ಟ ಹಿಡಿಕೆ ತಿರುಗಿಸುತ್ತ, ಸುತ್ತುಗಳನ್ನು ಎಣಿಸುತ್ತಿದ್ದರು. ಒಂದು ಸುತ್ತು ಹೆಚ್ಚೂ ಆಗಬಾರದು, ಕಡಿಮೆಯೂ ಆಗಬಾರದು. ಅಲ್ಲಿಗೆ ಹೊಸದಾಗಿ ಬಂದ ಸೂಪರ್‌ವೈಸರು ಬಲು ಶಿಸ್ತಿನ ಮನುಷ್ಯ. ಮೊದಲ ದಿನವೇ ಅತ್ತೆಯ ಪಕ್ಕದಲ್ಲಿ ನಿಂತು ಕೆಲಸದ ಹೊತ್ತಿನಲ್ಲಿ ಹಾಡಬಾರದು ಎಂದ. ತಾನು ಬಾಯೇ ಬಿಟ್ಟಿಲ್ಲವಲ್ಲ ಎಂದು ಅತ್ತೆಗೆ ಅವಮಾನವಾಯಿತು. ಮಾರನೆಯ ದಿನದಿಂದ ಬಾಯಲ್ಲೊಂದು ಲವಂಗ ಇಟ್ಟುಕೊಂಡು, ಅದನ್ನು ಹಲ್ಲಲ್ಲಿ ಕಚ್ಚಿಕೊಂಡು ಕೂತಳು.

ಆಗ ನೋಡಬೇಕಿತ್ತು! ಒಬ್ಬಳ ಲೆಕ್ಕ ತಪ್ಪಿತು, ಇನ್ನೊಬ್ಬಳ ತಂತಿ ತುಂಡಾಯಿತು, ಮತ್ತೊಬ್ಬಳು ಎಲ್ಲಿಗೆ ನಿಲ್ಲಿಸಿದ್ದೆ ಎಂದು ಮರೆತು ಮೊದಲಿನಿಂದ ಸುತ್ತಿದಳು. ಇಷ್ಟು ವರ್ಷವೂ ಅವರೆಲ್ಲ ಹಿಡಿಕೆ ತಿರುಗಿಸುತ್ತಿದ್ದದ್ದು ಅತ್ತೆಯ ಗುನುಗಿನ ಗತಿಗೆ. ಅದು ಅವರಿಗೂ ಗೊತ್ತಿರಲಿಲ್ಲ. ಮೂರು ದಿನ ಕಳೆದ ಮೇಲೆ ಸೂಪರ್‌ವೈಸರು ತಾನೇ ಅತ್ತೆಯ ಬಳಿ ಬಂದು ಕೈಕೈ ಹಿಸುಕಿಕೊಂಡ.

"ಮೇಡಂ, ಏನೂ ತಪ್ಪು ತಿಳ್ಕೋಬೇಡಿ. ನೀವು ಮೊದಲು ಹೆಂಗಿದ್ರೋ ಹಂಗೇ ಇದ್ಬಿಡಿ."

ಅತ್ತೆ ಲವಂಗ ಅಗಿದು ನುಂಗಿದಳು. ಕೆಲಸ ಸರಾಗವಾಯಿತು. ಆದರೆ ಊಟವಾದ ಮೇಲೆ ಅವಳ ಗುನುಗು ತೂಕಡಿಸುವ ಚಾಳಿಯದು. ದೂರದಲ್ಲಿ ಗೂಡ್ಸ್ ಗಾಡಿ ಶಂಟಿಂಗ್ ಆಗುವ ಸದ್ದು, ತಗಡಿನ ಚಾವಣಿಯ ಕೆಳಗೆ ಬೆಚ್ಚಗಿನ ಗಾಳಿ, ನಡುವೆ ಈ ಗುನುಗು. ಹೆಂಗಸರಿಗೆ ಅಭ್ಯಾಸವಿತ್ತು, ತಡೆದುಕೊಂಡರು. ಮೂರು ಗಂಟೆಗೆ ಮಾಲೀಕರು ಬಂದು ನೋಡಿದರೆ ಸೂಪರ್‌ವೈಸರು ರಿಜಿಸ್ಟರಿನ ಮೇಲೆ ಕೆನ್ನೆಯಿಟ್ಟು ನಿದ್ದೆ ಹೋಗಿದ್ದ! ಆ ದಿನ ಅತ್ತೆ ಮನೆಗೆ ಬಂದವಳೇ, ಹೊಸದಾಗಿ ಮದುವೆಯಾದವನಿರಬೇಕು, ಪಾಪ ನಿದ್ದೆಗೆಟ್ಟಿದ್ದಾನೆ ಎಂದು ಮರುಗಿದಳು.

ನಮ್ಮ ಹಿಂದಿನ ಪೋರ್ಷನ್ನಿಗೆ ಹುಬ್ಬಳ್ಳಿ ಕಡೆಯ ಕಾಲೇಜು ಮೇಷ್ಟರೊಬ್ಬರು ಹೆಂಡತಿ, ಎಳೆಗೂಸಿನೊಂದಿಗೆ ಬಾಡಿಗೆಗೆ ಬಂದರು. ಕೂಸು ಹಗಲೆಲ್ಲ ಅಳುತ್ತಿತ್ತು. ಅತ್ತೆ ಹಿತ್ತಲಲ್ಲಿದ್ದಾಗ ಮಾತ್ರ ಸುಮ್ಮನಾಗುತ್ತಿತ್ತು. ಮೇಷ್ಟರು ಅದನ್ನು ಕಂಡುಹಿಡಿದು, ಸಂಕೋಚದಿಂದ ಬಂದು ಕೇಳಿದರು.

"ಅಕ್ಕಾರ, ಒಂದ್ ಸ್ವಲ್ಪ ಗುನುಗ್ರಿ. ಕೂಸು ಮಲಗ್ತೈತಿ."

ಅತ್ತೆಗೆ ಸಿಟ್ಟು ಬಂತು. ತಾನೇನು ಹುಚ್ಚಿಯೇ, ಸುಮ್ಮಸುಮ್ಮನೆ ಗುನುಗುವುದಕ್ಕೆ? ಆದರೆ ಮೇಷ್ಟರ ಹೆಂಡತಿ ಜಾಣೆ. ಮೊರ ಕೈಗೆ ಬಂದರೆ ಅತ್ತೆಯ ಗುನುಗು ತಾನಾಗಿ ಶುರುವಾಗುತ್ತದೆಂದು ಗಮನಿಸಿದ್ದರು. ದಿನಾ ಸಂಜೆ ಅತ್ತೆ ಕೆಲಸದಿಂದ ಬಂದ ಮೇಲೆ ಒಂದು ಸೇರು ಅಕ್ಕಿ ತಂದು, ತನಗೆ ಕಣ್ಣು ಸರಿಯಾಗಿ ಕಾಣುವುದಿಲ್ಲ, ಆರಿಸಿಕೊಡಿ ಎಂದು ಮೊರದಲ್ಲಿ ಸುರಿದು, ಕೂಸನ್ನು ಪಕ್ಕದಲ್ಲಿ ಚಾಪೆಯ ಮೇಲೆ ಹಾಕಿ ಹೋಗುತ್ತಿದ್ದರು. ಎರಡು ನಿಮಿಷಕ್ಕೆ ಕೂಸಿಗೆ ನಿದ್ದೆ! ಅದೇ ಅಕ್ಕಿ ಮೂರು ಮೂರು ಸಲ ಬರುತ್ತಿತ್ತು. ಕೊನೆಕೊನೆಗೆ ಅದರಲ್ಲಿ ಕಲ್ಲೇ ಉಳಿದಿರಲಿಲ್ಲ. ಇಂಗ್ಲಿಷ್ ಪಾಠ ಹೇಳುವ ಆ ಮೇಷ್ಟರು ಅಂಗಳದಲ್ಲಿ ಕುಕ್ಕುರುಗಾಲಲ್ಲಿ ಕೂತು ಸಣ್ಣ ಕಲ್ಲು ಹೆಕ್ಕಿ ಅಕ್ಕಿಗೆ ಬೆರೆಸುತ್ತಿದ್ದುದನ್ನು ನಾನೇ ಕಣ್ಣಾರೆ ಕಂಡಿದ್ದೇನೆ.

ಎಂಬತ್ತರ ದಶಕ ಶುರುವಾಗಿತ್ತು. ನನಗೆ ಹನ್ನೆರಡು ತುಂಬಿದ ವರ್ಷ ಅಮ್ಮ ಮತ್ತೆ ಬಸುರಾದಳು. ಅಮ್ಮ ಮದುವೆಗೆ ಮುಂಚೆ ತವರಿನಲ್ಲಿ ಆರು ವರ್ಷ ಸಂಗೀತ ಕಲಿತಿದ್ದಳೆಂದು ನನಗೆ ಗೊತ್ತಾದದ್ದೇ ಆಗ. ಮಧ್ಯಾಹ್ನ ಕಾಲು ಚಾಚಿ ಕೂತು, ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಒಂದೇ ಒಂದು ಕೀರ್ತನೆಯನ್ನು ಮೆಲ್ಲಗೆ ಹಾಡಿಕೊಳ್ಳುತ್ತಿದ್ದಳು. ರಜೆಯಿದ್ದ ದಿನಗಳಲ್ಲಿ ಅತ್ತೆ ಅಲ್ಲೇ ಬಾಗಿಲ ಬಳಿ ಕೂತು ಕೇಳುತ್ತಿದ್ದಳು. ಅಷ್ಟು ಹೊತ್ತು ಅವಳ ಗುನುಗೂ ಸುಮ್ಮನಿರುತ್ತಿತ್ತು.

ಮಗು ಎರಡು ದಿನ ಮಾತ್ರ ಇತ್ತು.

ಆಸ್ಪತ್ರೆಯಿಂದ ಬಂದ ಅಮ್ಮ ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಅಳಲಿಲ್ಲ. ಮಾತಾಡಲಿಲ್ಲ. ಬಾಯಿಗಿಟ್ಟರೆ ಎರಡು ತುತ್ತು, ಇಲ್ಲದಿದ್ದರೆ ಅದೂ ಇಲ್ಲ. ಅಪ್ಪ ಒಂದು ಸಂಜೆ ರೇಡಿಯೊ ತಂದು ಹಾಸಿಗೆಯ ಪಕ್ಕದಲ್ಲಿ ಸಣ್ಣಗೆ ಹಾಕಿದರು. ಅಮ್ಮ ಕಣ್ಣು ಮುಚ್ಚಿದಳು. ಅಪ್ಪ ಅದನ್ನು ಆರಿಸಿ, ಎದೆಗವುಚಿಕೊಂಡು ಹೊರಗೆ ಬಂದರು. ಮನೆಯಲ್ಲಿ ಗಡಿಯಾರದ ಸದ್ದು ಕೇಳುತ್ತಿತ್ತು. ನನಗೆ ಅದು ಹಿಂದೆಂದೂ ಕೇಳಿಸಿದ್ದ ನೆನಪಿರಲಿಲ್ಲ. ಅತ್ತೆ ರಜೆ ಹಾಕಿ ಮನೆಯಲ್ಲೇ ಇದ್ದಳು, ಆದರೆ ಅವಳ ಗುನುಗೂ ನಿಂತುಹೋಗಿತ್ತು. ಹಿಂದಿನ ಪೋರ್ಷನ್ನಿನವರು ತಮ್ಮ ಮಗು ಕೂಗಿದರೆ ಬೇಗ ಎತ್ತಿಕೊಂಡು ರಸ್ತೆಗೆ ಹೋಗಿಬಿಡುತ್ತಿದ್ದರು.

ಹದಿನೈದು ದಿನ ಹೀಗೇ ಕಳೆಯಿತು. ಆಮೇಲೊಂದು ಮಧ್ಯಾಹ್ನ ಅತ್ತೆ ಅಮ್ಮನ ಕೋಣೆಯ ಹೊಸ್ತಿಲಲ್ಲಿ ಬಂದು ಕೂತಳು. ಕೈಯಲ್ಲಿ ಏನೂ ಇರಲಿಲ್ಲ. ಕೂತು ಗುನುಗತೊಡಗಿದಳು. ಅಮ್ಮ ಹಾಡಿಕೊಳ್ಳುತ್ತಿದ್ದ ಅದೇ ಕೀರ್ತನೆ. ನಾನು ಓಡಿಬಂದೆ. ಅತ್ತೆಯ ತೋಳು ಹಿಡಿದು ಬೇಡವೆಂದು ತಲೆಯಾಡಿಸಿದೆ. ಅವಳು ನನ್ನ ಕೈ ತೆಗೆದಿಟ್ಟು ಮುಂದುವರಿಸಿದಳು. ಎರಡನೆಯ ಸಾಲು ತಿರುಗುವಲ್ಲಿ ಸ್ವರ ಕೆಳಗಿಳಿಯಬೇಕು. ಅತ್ತೆ ಮೇಲೆ ಹೋದಳು. ನನಗೇ ಗೊತ್ತಾಗುವಂಥ ತಪ್ಪು. ಅಮ್ಮ ಹೊದಿಕೆಯನ್ನು ತಲೆಯ ಮೇಲೆ ಎಳೆದುಕೊಂಡಳು.

ಮಾರನೆಯ ದಿನವೂ ಅತ್ತೆ ಬಂದು ಕೂತಳು. ಅದೇ ಕೀರ್ತನೆ, ಅದೇ ಜಾಗದಲ್ಲಿ ಅದೇ ತಪ್ಪು. ಅಮ್ಮ ಹೊದಿಕೆಯೊಳಗೇ ಮಗ್ಗುಲು ಬದಲಿಸಿದಳು. ಮೂರನೆಯ ದಿನ ಅತ್ತೆ ನಾಲ್ಕು ಸಲ ತಪ್ಪಿದಳು. ಐದನೆಯ ಸಲ ಆ ತಿರುವಿನ ಹತ್ತಿರ ಬರುವಾಗ ಹೊದಿಕೆಯೊಳಗಿಂದ ಧ್ವನಿ ಬಂತು. ಬಳಸದೆ ಇಟ್ಟ ಧ್ವನಿ, ಒಡೆದಂತಿತ್ತು.

"ಅತ್ತಿಗೆ, ಅಲ್ಲಿ ಹಾಗಲ್ಲ. ಕೆಳಗಿಳೀಬೇಕು."

"ಎಲ್ಲಿ?" ಎಂದಳು ಅತ್ತೆ, ತೀರಾ ಮಾಮೂಲಾಗಿ.

ಅಮ್ಮ ಮೊಣಕೈಯೂರಿ ಅರ್ಧ ಎದ್ದಳು. ಮೊದಲ ಸಾಲು ಹಾಡಿದಳು. ಎರಡನೆಯ ಸಾಲಿಗೆ ಬಂದಳು. ತಿರುವಿನಲ್ಲಿ ಸ್ವರ ಇಳಿಯಿತು, ಅದರೊಂದಿಗೆ ಅಮ್ಮನೂ ಇಳಿದುಹೋದಳು. ಅಷ್ಟು ದಿನ ಬಾರದ ಅಳು ಒಟ್ಟಿಗೇ ಬಂತು. ಅತ್ತೆ ಒಳಗೆ ಹೋಗಿ ಹಾಸಿಗೆಯ ಮೇಲೆ ಕೂತು ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು. ಅಳಬೇಡ ಎನ್ನಲಿಲ್ಲ. ಬಿಸಿಲು ಕಿಟಕಿಯಿಂದ ಗೋಡೆಗೆ, ಗೋಡೆಯಿಂದ ನೆಲಕ್ಕೆ ಸರಿಯುವವರೆಗೂ ಹಾಗೇ ಇದ್ದರು. ಆಮೇಲೆ ಅಮ್ಮ ಕಣ್ಣೊರೆಸಿಕೊಂಡು, ಅನ್ನ ಮಜ್ಜಿಗೆ ಇದೆಯಾ ಎಂದು ಕೇಳಿದಳು. ನಾನು ಅಡುಗೆಮನೆಗೆ ಓಡಿದೆ.

ಸಂಜೆ ಅಪ್ಪ ಆಫೀಸಿನಿಂದ ಬಂದಾಗ ಅಮ್ಮ ಗೋಡೆಗೊರಗಿ ಕೂತಿದ್ದಳು. ಅಪ್ಪ ಬಾಗಿಲಲ್ಲೇ ಚಪ್ಪಲಿ ಬಿಡುವುದನ್ನೂ ಮರೆತು ನಿಂತರು. ಅವರಿಬ್ಬರನ್ನು ಬಿಟ್ಟು ನಾನು ಹಿತ್ತಲಿಗೆ ಹೋದೆ. ಅತ್ತೆ ಒಗೆದ ಬಟ್ಟೆ ಹರವುತ್ತಿದ್ದಳು, ನನಗೆ ಬೆನ್ನು ಮಾಡಿಕೊಂಡಿದ್ದಳು. ಆ ಕೀರ್ತನೆಯನ್ನೇ ಗುನುಗುತ್ತಿದ್ದಳು. ಮೊದಲ ಸಾಲು ಮುಗಿಯಿತು, ಎರಡನೆಯದು ಬಂತು. ಆ ತಿರುವಿನಲ್ಲಿ ಗುನುಗು ಎಲ್ಲೂ ತಡವರಿಸದೆ, ಕತ್ತಲಲ್ಲೂ ಗೊತ್ತಿರುವ ಮೆಟ್ಟಿಲಿಳಿದ ಹಾಗೆ, ಸರಿಯಾಗಿ ಕೆಳಗಿಳಿಯಿತು. ಒಂದು ಕೂದಲೆಳೆಯಷ್ಟೂ ತಪ್ಪಿಲ್ಲ. ಮೂರು ದಿನವೂ ಅವಳು ಬೇಕೆಂದೇ ತಪ್ಪಿದ್ದಳು.

ನಾನು ನಿಂತಲ್ಲೇ ನಿಂತೆ. ಅತ್ತೆ ತಿರುಗಿ ನೋಡಿದಳು. ಅವಳ ಕಣ್ಣುಗಳು ಕೆಂಪಾಗಿದ್ದವು.

"ಏನೇ, ಹಾಗ್ ನೋಡ್ತೀಯ?"

"ಏನಿಲ್ಲ ಅತ್ತೆ," ಎಂದೆ.

ಅವಳು ಬಕೀಟಿನಿಂದ ಅಮ್ಮನ ಒದ್ದೆ ಸೀರೆ ಎತ್ತಿದಳು. ನಾನು ಹೋಗಿ ಅದರ ಇನ್ನೊಂದು ತುದಿ ಹಿಡಿದುಕೊಂಡೆ.