ಪರದೆಯ ಆಚೆ ನಮ್ಮೆಜಮಾನ್ರು

ಹದಿನೇಳು ವರ್ಷ ಸಂಸಾರ ಮಾಡಿದ ಗಂಡ ಇದ್ದಕ್ಕಿದ್ದ ಹಾಗೆ ನಗುನಗುತ್ತಾ ಮನೆಗೆ ಬಂದರೆ ಯಾವ ಹೆಂಡತಿಗೆ ತಾನೇ ನೆಮ್ಮದಿ ಇರುತ್ತೆ, ನೀವೇ ಹೇಳಿ. ನಮ್ಮೆಜಮಾನ್ರು ದರ್ಜಿ. ದಿನವಿಡೀ ಹೊಲಿಗೆ ಮಿಷನ್ನಿನ ಮೇಲೆ ಬಗ್ಗಿ, ಸಂಜೆ ಕುತ್ತಿಗೆ ಹಿಡಿದುಕೊಂಡು, ಮುಖ ಗಂಟಿಕ್ಕಿಕೊಂಡು ಬರೋದೇ ವಾಡಿಕೆ. ಒಂದು ತಿಂಗಳಿಂದ ಗುರುವಾರ ಮಾತ್ರ ಕುತ್ತಿಗೆಯೂ ನೆಟ್ಟಗೆ, ಮುಖವೂ ನೆಟ್ಟಗೆ.

"ಎಲ್ಲಿಗೆ ಹೋಗಿದ್ರಿ?"

"ಗುಂಡಿ ತರೋಕೆ."

"ಎಲ್ಲಿ ಗುಂಡಿ?"

"ಸಿಗಲಿಲ್ಲ ಕಣೇ," ಅಂದು ಸಿಳ್ಳೆ ಹಾಕುತ್ತಾ ಬಚ್ಚಲಿಗೆ ಹೋದರು.

ಬಿಚ್ಚಿಟ್ಟ ಅಂಗಿಯ ಕಾಲರ್ ಮೂಸಿದೆ. ಎಣ್ಣೆ. ಅದೂ ಹೂವಿನ ಪರಿಮಳದ್ದು. (ಮಿಷನ್ನಿಗೆ ಬಿಡೋ ಎಣ್ಣೆಯ ವಾಸನೆ ನನಗೆ ಗೊತ್ತಿಲ್ಲವೇ?) ತಂಗಿಗೆ ಫೋನ್ ಮಾಡಿದೆ. "ಅನುಮಾನವೇ ಬೇಡ ಅಕ್ಕಾ, ಹಿಂದೇನೇ ಹೋಗು," ಅಂದಳು.

ಮುಂದಿನ ಗುರುವಾರ ಹೋದೆ. ಇವರು ಸೀದಾ ಒಂದು ಮಸಾಜ್ ಕೇಂದ್ರದ ಮಹಡಿ ಹತ್ತಿದರು. ಐದು ನಿಮಿಷ ಬಿಟ್ಟು ನಾನೂ ಹತ್ತಿದೆ. ಕೌಂಟರಿನ ಹೆಂಗಸು ಪಟ್ಟಿ ಮುಂದಿಟ್ಟಳು.

"ಎಣ್ಣೆ ಮಸಾಜು ರಕ್ತಸಂಚಾರಕ್ಕೆ, ಬಿಸಿ ಕಲ್ಲಿಂದು ಬೆನ್ನುನೋವಿಗೆ, ಪಾದದ್ದು ಒಳ್ಳೇ ನಿದ್ದೆಗೆ. ನಿಮಗೆ ಯಾವುದು ಮೇಡಂ?"

"ಈಗ ಒಳಗೆ ಹೋದ್ರಲ್ಲ, ಅವರ ಪಕ್ಕದ್ದು," ಅಂದೆ.

ಅವಳು ಪಾದದ್ದು ಅಂತ ಬರೆದುಕೊಂಡಳು.

ನಡುವೆ ಒಂದೇ ಒಂದು ಪರದೆ. ಚಪ್ಪಲಿ ಕೈಗೆಟಕುವ ಹಾಗೆ ಇಟ್ಟುಕೊಂಡು, ಕಿವಿ ಅತ್ತ ಕೊಟ್ಟು ಮಲಗಿದೆ. ಕೇಳಿಸಿದ್ದು ಯಾರೋ ಮುದುಕನ ದನಿ: "ಭುಜ ಸಡಿಲ ಬಿಡಿ ಸ್ವಾಮಿ." ಆಮೇಲೆ ಮೌನ. ನನಗೆ ಆ ಮೌನದ ಮೇಲೂ ಗುಮಾನಿ ಬಂತು. ಇತ್ತ ಕೌಂಟರಿನ ಹೆಂಗಸೇ ಬಂದು ನನ್ನ ಅಂಗಾಲು ಒತ್ತತೊಡಗಿದಳು. ಹಿಮ್ಮಡಿ, ಹೆಬ್ಬೆರಳು... ಪತ್ತೇದಾರಿಕೆಗೆ ಬೇಕಾದ್ದು ಕಿವಿ ತಾನೇ ಅಂತ ಕಣ್ಣು ಮುಚ್ಚಿದೆ.

ಯಾರೋ ಭುಜ ಅಲುಗಾಡಿಸಿದಾಗ ಎಚ್ಚರವಾಯಿತು. ನಮ್ಮೆಜಮಾನ್ರು ಟವೆಲ್ ಸುತ್ತಿಕೊಂಡು ನಿಂತಿದ್ದರು. ಮುಖದಲ್ಲಿ ನಗು ಇರಲಿಲ್ಲ.

"ಆವಾಗ್ಲೇ ಅನ್ಕೊಂಡೆ, ಈ ಗೊರಕೆ ಎಲ್ಲೋ ಕೇಳಿದೀನಲ್ಲ ಅಂತ."

"ನಾನೆಲ್ರೀ ಗೊರಕೆ ಹೊಡೀತೀನಿ?"

ಹಿಂದೆ ನಿಂತಿದ್ದ ಮುದುಕ ಎಣ್ಣೆ ಕೈ ಒರೆಸಿಕೊಳ್ಳುತ್ತಾ ಮೆಲ್ಲಗೆ ಹೇಳಿದ: "ಇವರು ಹತ್ತು ನಿಮಿಷ ಕುತ್ತಿಗೆ ಒತ್ತಿಸ್ಕೋತಾರಮ್ಮ. ಮಿಕ್ಕ ಹೊತ್ತೆಲ್ಲ ನಿದ್ದೆ. ಮನೇಲಿ ಆಗಲ್ಲವಂತೆ."

ನಾನು ಚಪ್ಪಲಿ ಕಾಲಿಗೇ ಮೆಟ್ಟಿಕೊಂಡೆ.

ಆದರೂ ಪಾದಕ್ಕೆ ಆ ಸುಖ ಮರೆಯೋಕಾಗಲಿಲ್ಲ. ಮರುವಾರ ಇವರ ಜೊತೆಗೇ ಹೋದೆ. ಕೌಂಟರಿನ ಹೆಂಗಸು ನನ್ನನ್ನು ನೋಡಿ, ಬಹಳ ಮರ್ಯಾದೆಯಿಂದ ಹೇಳಿದಳು:

"ಮೇಡಂ, ನಿಮಗೆ ಬುಧವಾರ ಕೊಡ್ತೀನಿ. ಅವತ್ತು ಬೇರೆ ಯಾರೂ ಇರಲ್ಲ."